ಬಂದೂಕು ಸುರಕ್ಷತೆಯ ಅನುಭವ ಇದ್ದರೆ ಸಿನಿಮಾದಲ್ಲಿ ಕೆಲಸ ಸಿಗುತ್ತಾ?

ಬಂದೂಕು ಅಭ್ಯಾಸ ಮಾಡುವ ಶೂಟಿಂಗ್ ರೇಂಜ್‌ನಲ್ಲಿ ಸೇಫ್ಟಿ ಆಫೀಸರ್ ಆಗಿದ್ದೀರಿ, ಸಿನಿಮಾ ಅಂದರೆ ಪ್ರಾಣ, ಎರಡನ್ನೂ ಸೇರಿಸಿ ಬದುಕು ಕಟ್ಟಿಕೊಳ್ಳಬಹುದಾ ಅಂತ ಕೇಳಿದ್ದೀರಿ. ಖಂಡಿತ ಆಗುತ್ತದೆ. ನಾನೂ ಅದೇ ದಾರಿಯಲ್ಲಿ ಬಂದವನು. ಸೆಟ್ಟಿನಲ್ಲಿ ಬಂದೂಕುಗಳ ಹೊಣೆ ಹೊತ್ತವರನ್ನು ಆರ್ಮರರ್ ಅನ್ನುತ್ತಾರೆ. ಆದರೆ ನೇರವಾಗಿ ಆ ಕೆಲಸವನ್ನೇ ಕೇಳಿಕೊಂಡು ಹೋಗಬೇಡಿ. ಮೊದಲು ಪ್ರಾಪ್ಸ್, ಅಂದರೆ ದೃಶ್ಯದಲ್ಲಿ ಬಳಸುವ ವಸ್ತುಗಳನ್ನು ನೋಡಿಕೊಳ್ಳುವ ವಿಭಾಗದಲ್ಲಿ ಸಹಾಯಕರಾಗಿ ಸೇರಿಕೊಳ್ಳಿ.

ಯಾಕೆಂದರೆ ನಿಮಗೆ ಬಂದೂಕು ಗೊತ್ತು, ಸೆಟ್ ಗೊತ್ತಿಲ್ಲ. ರೇಂಜ್‌ನಲ್ಲಿ ಗುಂಡು ಹೋಗುವುದು ಒಂದೇ ದಿಕ್ಕಿಗೆ. ಯಾರ ಕಡೆಗೂ ಗುರಿ ಹಿಡಿಯಬೇಡಿ ಅನ್ನುವುದು ಅಲ್ಲಿನ ಮೊದಲ ಪಾಠ. ಸಿನಿಮಾದಲ್ಲಿ ಕಥೆಯೇ ಒಬ್ಬ ಇನ್ನೊಬ್ಬನ ಎದೆಗೆ ಗುರಿ ಹಿಡಿಯಲಿ ಅನ್ನುತ್ತದೆ. ಆ ಪಾಠವನ್ನು ಬಿಟ್ಟುಕೊಡದೆ ಶಾಟ್ ಸಿಗುವ ಹಾಗೆ ಮಾಡುವುದೇ ನಮ್ಮ ಕೆಲಸ. ಕ್ಯಾಮೆರಾ ಎಲ್ಲಿದೆ, ಯಾವ ಲೆನ್ಸ್ ಹಾಕಿದ್ದಾರೆ ಅಂತ ಗೊತ್ತಿದ್ದರೆ, ನಟ ಎದುರಿನವನ ಪಕ್ಕಕ್ಕೆ ಗುರಿ ಹಿಡಿದರೂ ತೆರೆಯ ಮೇಲೆ ನೇರ ಅವನ ಮೇಲೇ ಹಿಡಿದ ಹಾಗೆ ಕಾಣುತ್ತದೆ. ಕ್ಯಾಮೆರಾ ಕಡೆಗೇ ಹಾರಿಸಬೇಕಾದರೆ ಆಪರೇಟರ್‌ನನ್ನು ಅಲ್ಲಿಂದ ಎಬ್ಬಿಸಿ, ಕ್ಯಾಮೆರಾವನ್ನು ರಿಮೋಟ್‌ನಲ್ಲಿ ಓಡಿಸಬಹುದು. ಎಷ್ಟೋ ಶಾಟ್‌ಗೆ ರಬ್ಬರ್ ಬಂದೂಕೇ ಸಾಕು. ಇದನ್ನೆಲ್ಲ ಸಮಯಕ್ಕೆ ಸರಿಯಾಗಿ, ನಿರ್ದೇಶಕರಿಗೆ ಅರ್ಥವಾಗುವ ಹಾಗೆ ಹೇಳಲು ಬರಬೇಕು. ಪ್ರಾಪ್ಸ್‌ನವರ ಜೊತೆ ಓಡಾಡದೆ ಅದು ಬರುವುದಿಲ್ಲ.

ಗುಂಡುಗಳ ವಿಷಯದಲ್ಲೂ ಹೊಸದಾಗಿ ಕಲಿಯಬೇಕಾದ್ದು ಜಾಸ್ತಿ ಇದೆ. ಬ್ಲ್ಯಾಂಕ್‌ನಲ್ಲಿ ಮದ್ದು ಇರುತ್ತದೆ, ಬುಲೆಟ್ ಇರುವುದಿಲ್ಲ. ಡಮ್ಮಿಯಲ್ಲಿ ಬುಲೆಟ್ ಇರುತ್ತದೆ, ಮದ್ದು ಇರುವುದಿಲ್ಲ. ಕ್ಲೋಸಪ್‌ನಲ್ಲಿ ರಿವಾಲ್ವರ್ ತುಂಬಿದ ಹಾಗೆ ಕಾಣಲಿ ಅಂತ ಡಮ್ಮಿ ಹಾಕುವುದು. ಬ್ಲ್ಯಾಂಕ್ ತಾನೇ ಅಂತ ಹಗುರವಾಗಿ ತೆಗೆದುಕೊಳ್ಳಬೇಡಿ. 1984ರಲ್ಲಿ ನಟ ಜಾನ್-ಎರಿಕ್ ಹೆಕ್ಸಮ್ ಬ್ಲ್ಯಾಂಕ್ ತುಂಬಿದ ರಿವಾಲ್ವರನ್ನು ತಲೆಗೆ ಹಿಡಿದು ಟ್ರಿಗರ್ ಎಳೆದು ಜೀವ ಕಳೆದುಕೊಂಡರು. 1993ರಲ್ಲಿ ನಟ ಬ್ರ್ಯಾಂಡನ್ ಲೀ ಸತ್ತದ್ದು ಬೇರೆ ಥರ. ಅಸಲಿ ಗುಂಡಿನ ಮದ್ದು ತೆಗೆದು ಡಮ್ಮಿ ಮಾಡಿದ್ದರು, ಮದ್ದಿಗೆ ಕಿಡಿ ಹೊತ್ತಿಸುವ ಪ್ರೈಮರ್ ಹಾಗೇ ಉಳಿದಿತ್ತು. ಅದು ಸಿಡಿದು ಬುಲೆಟ್ ಬ್ಯಾರೆಲ್ಲಿನೊಳಗೆ ಸಿಕ್ಕಿಕೊಂಡಿತು. ಯಾರೂ ಗಮನಿಸಲಿಲ್ಲ. ಆಮೇಲೆ ಅದೇ ರಿವಾಲ್ವರ್‌ಗೆ ಬ್ಲ್ಯಾಂಕ್ ಹಾಕಿ ಹಾರಿಸಿದಾಗ ಬುಲೆಟ್ ಹೊರಗೆ ಹಾರಿತು. ರೇಂಜ್‌ನಲ್ಲಿ ಸ್ಕ್ವಿಬ್, ಅಂದರೆ ಬುಲೆಟ್ ಬ್ಯಾರೆಲ್ಲಿನಲ್ಲೇ ಸಿಕ್ಕಿಕೊಳ್ಳುವುದನ್ನು ನೋಡಿರುತ್ತೀರಿ ಅಲ್ವಾ, ಅದೇ ಇದು. ಬ್ಯಾರೆಲ್ಲಿಗೆ ಟಾರ್ಚ್ ಬಿಟ್ಟು ನೋಡುವ ನಿಮ್ಮ ಅಭ್ಯಾಸ ಸೆಟ್ಟಿಗೆ ಎಷ್ಟು ಬೇಕು ಅಂತ ಇದರಲ್ಲೇ ಗೊತ್ತಾಗುತ್ತದೆ.

ಡಮ್ಮಿಗಳನ್ನು ನಾನು ಒಂದೊಂದಾಗಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತೇನೆ. ಒಳಗೆ ಹಾಕಿರುವ ಸಣ್ಣ ಲೋಹದ ಕಾಳು ಗಲಗಲ ಅನ್ನಬೇಕು, ಇಲ್ಲವೇ ಪಕ್ಕದಲ್ಲಿ ಕೊರೆದ ತೂತು ಕಾಣಬೇಕು. ಎರಡೂ ಇಲ್ಲದ್ದನ್ನು ಪಕ್ಕಕ್ಕೆ ಎತ್ತಿಡುತ್ತೇನೆ. ಸಹಾಯಕ ನಿರ್ದೇಶಕರಿಗೂ ನಟರಿಗೂ ಮತ್ತೊಮ್ಮೆ ತೋರಿಸಿಯೇ ತುಂಬುವುದು. ಇಡೀ ಯೂನಿಟ್ ಕಾಯುತ್ತಿದ್ದರೂ ಸರಿ, ಬೆಳಕು ಹೋಗುತ್ತಿದ್ದರೂ ಸರಿ.

ಈ ಕೆಲಸದಲ್ಲಿ ನಿಜವಾಗಿ ಕಷ್ಟವಾಗುವುದು ಇಲ್ಲೇ. ರೇಂಜ್‌ನಲ್ಲಿ ನೀವು ನಿಲ್ಲಿ ಅಂದರೆ ಎಲ್ಲರೂ ನಿಲ್ಲುತ್ತಾರೆ. ಸೆಟ್ಟಿನಲ್ಲಿ ಹೊಸಬರ ಮಾತು ಯಾರು ಕೇಳುತ್ತಾರೆ? 2021ರಲ್ಲಿ 'ರಸ್ಟ್' ಚಿತ್ರದ ಸೆಟ್ಟಿನಲ್ಲಿ ಛಾಯಾಗ್ರಾಹಕಿ ಹಲೀನಾ ಹಚಿನ್ಸ್ ಸತ್ತಾಗ ಡಮ್ಮಿಗಳ ಜೊತೆ ಅಸಲಿ ಗುಂಡು ಸೇರಿಕೊಂಡಿತ್ತು. ಆರ್ಮರರ್‌ಗೆ 2024ರಲ್ಲಿ 18 ತಿಂಗಳ ಜೈಲು ಶಿಕ್ಷೆಯಾಯಿತು. ಆಕೆಗೆ ಅಲ್ಲಿ ಪ್ರಾಪ್ಸ್ ಸಹಾಯಕಿಯ ಕೆಲಸವನ್ನೂ ವಹಿಸಿದ್ದರು. ಹಾಗಾಗಿ ನಿಮಗೆ ಆರ್ಮರರ್ ಕೆಲಸ ಸಿಕ್ಕ ದಿನ, ಬಂದೂಕು ಹೊರಗೆ ಬರುವ ದಿನಗಳಲ್ಲಿ ಬೇರೆ ಯಾವ ಕೆಲಸವನ್ನೂ ಮಾಡುವುದಿಲ್ಲ ಅಂತ ಕಾಂಟ್ರ್ಯಾಕ್ಟ್‌ನಲ್ಲಿ ಬರೆಸಿಕೊಳ್ಳಿ. ಶೂಟಿಂಗ್ ನಿಲ್ಲಿಸುವ ಅಧಿಕಾರ ನಿಮಗಿದೆ ಅಂತಲೂ ಬರೆಸಿ. ಒಪ್ಪದಿದ್ದರೆ ಆ ಸಿನಿಮಾ ಬಿಟ್ಟುಬಿಡಿ. ಹಣ ಎಷ್ಟೇ ಬೇಕಿದ್ದರೂ ಬಿಡಿ.

ಲೈಸೆನ್ಸ್ ನಿಯಮ ಒಂದೊಂದು ದೇಶದಲ್ಲಿ ಒಂದೊಂದು ಥರ. ಬಂದೂಕು ಇಟ್ಟುಕೊಳ್ಳುವುದಕ್ಕೆ ಒಂದು ಅನುಮತಿ, ಸಾಗಿಸುವುದಕ್ಕೆ ಇನ್ನೊಂದು ಬೇಕಾಗಬಹುದು. ಮೊದಲೇ ವಿಚಾರಿಸಿಕೊಳ್ಳಿ. ಬಯೋಡೇಟಾದಲ್ಲಿ ಗೆದ್ದ ಪದಕಗಳನ್ನು ಸುಮ್ನೆ ತುಂಬಬೇಡಿ. ಹೊಸಬರಿಗೆ ಹೇಗೆ ಕಲಿಸಿದಿರಿ, ಗುಂಡಿನ ಲೆಕ್ಕ ಹೇಗೆ ಇಟ್ಟಿರಿ, ಅದನ್ನು ಬರೆಯಿರಿ. ಬಂದೂಕು ಹಿಡಿದೇ ಗೊತ್ತಿಲ್ಲದ ನಟನಿಗೆ ಬೆರಳನ್ನು ಟ್ರಿಗರ್‌ನಿಂದ ಹೊರಗಿಡಲು ಕಲಿಸುವವರು ಯಾವ ಸೆಟ್ಟಿಗೂ ಬೇಕು.

ಇನ್ನೊಂದು ಮಾತು. ಈಗ ಬಂದೂಕಿನ ಬೆಂಕಿಯನ್ನು ವಿಎಫ್‌ಎಕ್ಸ್‌ನಲ್ಲಿ ಹಾಕುವುದು ಹೆಚ್ಚಾಗುತ್ತಿದೆ. ಅದು ಒಳ್ಳೆಯದೇ, ನನಗೆ ಖುಷಿ. ಆದರೆ ಬರೀ ಬ್ಲ್ಯಾಂಕ್ ನಂಬಿಕೊಂಡು ಬರಬೇಡಿ. ಪ್ಲಾಸ್ಟಿಕ್ ಕಾಳು ಹಾರಿಸುವ ಏರ್‌ಸಾಫ್ಟ್ ಬಂದೂಕುಗಳ ರಿಪೇರಿ ಕಲಿಯಿರಿ, ಬೇರೆ ಪ್ರಾಪ್‌ಗಳ ಕೆಲಸವನ್ನೂ ಕಲಿಯಿರಿ.

ಶುರು ಮಾಡಲು ಯಾವುದಾದರೂ ಕಿರುಚಿತ್ರದ ಸ್ಕ್ರಿಪ್ಟ್ ಕೇಳಿ ತೆಗೆದುಕೊಳ್ಳಿ. ಬಂದೂಕು ಕಾಣುವ ದೃಶ್ಯಗಳನ್ನೆಲ್ಲ ಗುರುತು ಹಾಕಿ. ಎಲ್ಲಿ ಬರೀ ಸೊಂಟದಲ್ಲಿರುತ್ತದೆ, ಎಲ್ಲಿ ಕೈಗೆ ಬರುತ್ತದೆ, ಎಲ್ಲಿ ಹಾರುತ್ತದೆ, ಯಾವುದಕ್ಕೆ ರಬ್ಬರ್ ಸಾಕು ಅಂತ ಬರೆದು ಪ್ರಾಪ್ಸ್ ನೋಡಿಕೊಳ್ಳುವವರ ಹತ್ತಿರ ಹೋಗಿ ಮಾತಾಡಿ.