ಓದುಗರ ಪ್ರಶ್ನೆ: ಮಳೆಗಾಲದಲ್ಲಿ ಇಳಿಯುವ ಪಿಎಚ್

ಪ್ರಶ್ನೆ: ಮಾನ್ಯರೇ, ಧಾರವಾಡದ ನಮ್ಮ ಮನೆಯ ಪಡಸಾಲೆಯಲ್ಲಿ 200 ಲೀಟರಿನ ಉಪ್ಪುನೀರಿನ ಟ್ಯಾಂಕ್ ಇದೆ. ಅದರಲ್ಲಿ ಒಂದು ಜೋಡಿ ಕ್ಲೌನ್ ಮೀನು, ಕೆಲವು ಮೃದು ಹವಳಗಳಿವೆ. ಬೇಸಿಗೆಯಲ್ಲಿ 8.2ರ ಆಸುಪಾಸಿನಲ್ಲಿದ್ದ ಪಿಎಚ್ (ನೀರು ಆಮ್ಲೀಯವೋ ಕ್ಷಾರೀಯವೋ ಎಂದು ತೋರಿಸುವ ಅಳತೆ), ಜಿಟಿಜಿಟಿ ಮಳೆ ಹಿಡಿದ ಮೇಲೆ ಬೆಳಗಿನ ಹೊತ್ತು 7.7ಕ್ಕೆ ಇಳಿಯುತ್ತಿದೆ. ಪಿಎಚ್ ಏರಿಸುವ ಪುಡಿ ಹಾಕಿದ ದಿನ ಏರಿ, ಮರುದಿನ ಮತ್ತೆ ಅಲ್ಲಿಗೇ ಬರುತ್ತದೆ. ಈಗ ಕ್ಷಾರತೆ (ಆಮ್ಲವನ್ನು ತಡೆದುಕೊಳ್ಳುವ ನೀರಿನ ಶಕ್ತಿ) 12.5 ಡಿಕೆಎಚ್ ಆಗಿದೆ, ಹೀಟರಿನ ಮೇಲೆ ಬಿಳಿ ಪದರ ಕಟ್ಟಿದೆ, ಹವಳಗಳು ಸರಿಯಾಗಿ ಅರಳುತ್ತಿಲ್ಲ. ಏನು ಮಾಡಬೇಕು?

ಉತ್ತರ: ಮೊದಲು ಪುಡಿ ಹಾಕುವುದನ್ನು ನಿಲ್ಲಿಸಿ. ನಿಮ್ಮ ಪತ್ರವನ್ನು ಓದಿದರೆ, ದೋಷವಿರುವುದು ನೀರಿನಲ್ಲಲ್ಲ, ಕೋಣೆಯ ಗಾಳಿಯಲ್ಲಿ ಎಂದು ತೋರುತ್ತದೆ. ಮಳೆ, ಥಂಡಿಗಾಳಿಗೆ ಅಂಜಿ ಕಿಟಕಿಗಳನ್ನು ದಿನಗಟ್ಟಲೆ ಮುಚ್ಚಿಟ್ಟಾಗ, ಮನೆಮಂದಿಯ ಉಸಿರು ಮತ್ತು ಅಡುಗೆಮನೆಯ ಗ್ಯಾಸ್ ಒಲೆಯಿಂದ ಬರುವ ಇಂಗಾಲದ ಡೈಆಕ್ಸೈಡ್ ಒಳಗೇ ಉಳಿದು, ನೀರಿನಲ್ಲಿ ಕರಗಿ, ಕಾರ್ಬಾನಿಕ್ ಆಮ್ಲವಾಗಿ ಪಿಎಚ್ ಅನ್ನು ಕೆಳಗಿಳಿಸುತ್ತದೆ. ರಾತ್ರಿ ದೀಪ ಆರಿದ ಮೇಲೆ ಪಾಚಿಯಾಗಲಿ ಹವಳದೊಳಗಿನ ಸೂಕ್ಷ್ಮ ಪಾಚಿಯಾಗಲಿ ಆ ಅನಿಲವನ್ನು ಹೀರಿಕೊಳ್ಳುವುದಿಲ್ಲ, ಆದರೆ ಟ್ಯಾಂಕಿನ ಜೀವಿಗಳೆಲ್ಲ ಉಸಿರಾಡುತ್ತಲೇ ಇರುವುದರಿಂದ, ಬೆಳಗಿನ ಅಳತೆ ಯಾವಾಗಲೂ ಅತಿ ಕಡಿಮೆಯಾಗಿರುತ್ತದೆ. ನಿಮ್ಮ ಪುಡಿ ಈ ಅನಿಲದ ಒಂದಿಷ್ಟು ಭಾಗವನ್ನು ಆ ಹೊತ್ತಿಗೆ ಕಳೆಯುತ್ತದೆ. ರಾತ್ರಿ ಕಳೆಯುವಷ್ಟರಲ್ಲಿ ಕೋಣೆಯ ಗಾಳಿ ಅದನ್ನು ಮತ್ತೆ ತುಂಬುತ್ತದೆ. ನೀರಿನಲ್ಲಿ ಉಳಿಯುವುದು ಏರಿದ ಕ್ಷಾರತೆ ಮಾತ್ರ. ಅದು ಮಿತಿ ಮೀರಿದಾಗ ಕ್ಯಾಲ್ಸಿಯಂ ಜೊತೆ ಸೇರಿ ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ಬಿಸಿಯಾದ ಜಾಗದಲ್ಲಿ ಕೂರುತ್ತದೆ. ಹೀಟರಿನ ಮೇಲಿನ ಬಿಳಿ ಪದರ ಅದೇ.

ನನ್ನ ಮಾತನ್ನು ಪರೀಕ್ಷಿಸಿ ನೋಡಿ. ಟ್ಯಾಂಕಿನ ನೀರನ್ನು ಒಂದು ಲೋಟದಲ್ಲಿ ತೆಗೆದು ಪಿಎಚ್ ಅಳೆದು, ಅದನ್ನು ಅಂಗಳದಲ್ಲಿಟ್ಟು ಒಂದು ತಾಸು ಏರ್‌ಪಂಪಿನಿಂದ ಗುಳ್ಳೆ ಹಾಯಿಸಿ ಮತ್ತೆ ಅಳೆಯಿರಿ. ಇನ್ನೊಂದು ಲೋಟಕ್ಕೆ ಪಡಸಾಲೆಯಲ್ಲೇ ಹಾಗೆ ಮಾಡಿ. ಹೊರಗಿನದು ಏರಿ ಒಳಗಿನದು ಏರದಿದ್ದರೆ ಸಂಶಯಕ್ಕೆ ಎಡೆಯಿಲ್ಲ. ಆಗ ದಿನಕ್ಕೆ ಕೆಲ ತಾಸಾದರೂ ಎದುರುಬದುರಿನ ಕಿಟಕಿಗಳನ್ನು ತೆರೆಯಿರಿ. ಪ್ರೋಟೀನ್ ಸ್ಕಿಮ್ಮರ್ (ಗಾಳಿಗುಳ್ಳೆಗಳಿಂದ ನೀರಿನ ಕಲ್ಮಶವನ್ನು ನೊರೆಯಾಗಿ ತೆಗೆಯುವ ಸಾಧನ) ಇದ್ದರೆ ಅದು ಗಾಳಿ ಎಳೆಯುವ ನಳಿಕೆಯನ್ನು ಕಿಟಕಿಯ ಸಂದಿನಿಂದ ಹೊರಕ್ಕೆ ಬಿಡಿ. ಖರ್ಚಿಲ್ಲದ ಈ ಉಪಾಯ ಎಷ್ಟೋ ಪುಡಿಗಳಿಗಿಂತ ಮೇಲು.

ಕ್ಷಾರತೆಯನ್ನು ಒಮ್ಮೆಲೇ ಇಳಿಸಬೇಡಿ. ಸಾಮಾನ್ಯ ಕ್ಷಾರತೆಯ ಉಪ್ಪಿನಿಂದ ಮಾಡಿದ ನೀರಿನಿಂದ ವಾರಕ್ಕೆ ಶೇಕಡಾ 10ರಿಂದ 15ರಷ್ಟು ಬದಲಿಸುತ್ತ, ನಿಧಾನವಾಗಿ 8–9 ಡಿಕೆಎಚ್‌ಗೆ ತನ್ನಿ. ಕ್ಯಾಲ್ಸಿಯಂ 400–450 ಪಿಪಿಎಂ, ಮೆಗ್ನೀಸಿಯಂ 1250–1350 ಪಿಪಿಎಂ ಇದೆಯೇ ನೋಡಿ. ಪಿಎಚ್ ದಿನವಿಡೀ 7.8ರಿಂದ 8.4ರೊಳಗೆ ಆಡುತ್ತಿದ್ದರೆ ಸಾಕು. ಹವಳಕ್ಕೆ ಬೇಕಾದದ್ದು ಸ್ಥಿರತೆ. ಕ್ಷಾರತೆ ಇಳಿದ ಮೇಲೂ ಪಿಎಚ್ ಏರಿಸಬೇಕೆನಿಸಿದರೆ ಶುದ್ಧ ಕ್ಯಾಲ್ಸಿಯಂ ಹೈಡ್ರಾಕ್ಸೈಡಿನ ತಿಳಿನೀರನ್ನು ರಾತ್ರಿ ಹನಿಹನಿಯಾಗಿ ಬಿಡಬಹುದು. ಎಲೆ-ಅಡಿಕೆಗೆ ಹಚ್ಚುವ ಸುಣ್ಣವೂ ಅದೇ ರಾಸಾಯನಿಕವಾದರೂ ಅದರ ಶುದ್ಧತೆಗೆ ಖಾತರಿಯಿಲ್ಲ, ಬಳಸಬೇಡಿ.

ಪ್ರಶ್ನೆ: ಗದಗದಲ್ಲಿ ಹೊಸದಾಗಿ ಟ್ಯಾಂಕ್ ಮಾಡುತ್ತಿದ್ದೇನೆ. ಕಾರವಾರದಿಂದ ಸಮುದ್ರದ ನೀರು ತರಲೇ, ಮನೆಯ ಬೋರಿನ ನೀರಿಗೆ ಉಪ್ಪು ಬೆರೆಸಲೇ?

ಉತ್ತರ: ಎರಡೂ ಬೇಡ. ಕಾಳಿ ನದಿ ಕಾರವಾರದಲ್ಲೇ ಕಡಲು ಸೇರುವುದರಿಂದ ದಡದ ನೀರಿನ ಉಪ್ಪಿನಂಶ, ಅದರಲ್ಲೂ ಮಳೆಗಾಲದಲ್ಲಿ, ಬಹಳ ಕುಸಿಯುತ್ತದೆ. ಬೋರಿನ ಗಡಸು ನೀರಿನಿಂದ ಆರಂಭಿಸಿದರೆ ಕ್ಷಾರತೆ ಮೊದಲ ದಿನವೇ ನಿಮ್ಮ ಹಿಡಿತ ತಪ್ಪುತ್ತದೆ. ಆರ್‌ಒ ನೀರಿಗೆ ಹವಳದ ಟ್ಯಾಂಕಿಗೆಂದೇ ಮಾಡಿದ ರೀಫ್ ಉಪ್ಪು ಬೆರೆಸಿ, ಉಪ್ಪಿನಂಶ ಅಳೆಯುವ ರಿಫ್ರ್ಯಾಕ್ಟೋಮೀಟರಿನಲ್ಲಿ ಸಾಪೇಕ್ಷ ಸಾಂದ್ರತೆ 1.025–1.026 ಬರುವಂತೆ ಮಾಡಿ. ಗದಗದ ಬೇಸಿಗೆಯಲ್ಲಿ ನೀರು ಬೇಗ ಆರುತ್ತದೆ, ಉಪ್ಪು ಮಾತ್ರ ಉಳಿಯುತ್ತದೆ. ಆದ್ದರಿಂದ ಪ್ರತಿದಿನ ಕಡಿಮೆಯಾದಷ್ಟನ್ನು ಉಪ್ಪಿಲ್ಲದ ಆರ್‌ಒ ನೀರಿನಿಂದಲೇ ತುಂಬಿ.