ಇಂಗ್ಲೆಂಡಿನ ಹಳ್ಳಿಯ ಹಳೇ ಮನೆಯಲ್ಲಿ ಹಿಂದೆ ಯಾರಿದ್ದರು ಎಂದು ಪತ್ತೆ ಮಾಡುವುದು ಹೇಗೆ?

ಇಂಗ್ಲೆಂಡಿನ ಹಳ್ಳಿಯೊಂದರಲ್ಲಿ ಇನ್ನೂರು ವರ್ಷ ಹಳೆಯದೆನ್ನುವ ಕಾಟೇಜ್ ಕೊಂಡಿದ್ದೀರಿ. ಅಲ್ಲಿ ಯಾರಿದ್ದರು, ಊರು ಹೇಗಿತ್ತು ಎಂದು ತಿಳಿಯಬೇಕು, ಕೌಂಟಿಯ, ಅಂದರೆ ಅಲ್ಲಿನ ಜಿಲ್ಲೆಯ, ಹಳೇ ದಾಖಲೆಗಳನ್ನಿಡುವ ರೆಕಾರ್ಡ್ ಆಫೀಸಿನಿಂದ ಶುರು ಮಾಡಲೇ ಎಂದು ಕೇಳಿದ್ದೀರಿ. ನನ್ನ ಸಲಹೆ: ರೆಕಾರ್ಡ್ ಆಫೀಸ್ ಆಮೇಲೆ. ಮೊದಲು ಊರಿನಲ್ಲಿರುವ ಎಂಬತ್ತು ದಾಟಿದವರ ಮನೆಗೆ ಹೋಗಿ.

ಕಾರಣವಿದೆ. ಜನಗಣತಿಯ ಹೆಸರುಪಟ್ಟಿಗಳನ್ನು ಅಲ್ಲಿ ನೂರು ವರ್ಷ ತೆರೆಯುವುದಿಲ್ಲ. ಈಗ ನೋಡಲು ಸಿಗುವ ಕೊನೆಯ ಪಟ್ಟಿ 1921ರದು. 1931ರ ಪಟ್ಟಿ 1942ರ ಡಿಸೆಂಬರಿನಲ್ಲಿ ಹೇಯ್ಸ್ ಎಂಬಲ್ಲಿ ಬೆಂಕಿಗೆ ಪೂರ್ತಿ ಸುಟ್ಟುಹೋಯಿತು. 1941ರಲ್ಲಿ ಯುದ್ಧದ ಕಾರಣ ಗಣತಿಯೇ ನಡೆಯಲಿಲ್ಲ. 1951ರದು 2052ಕ್ಕೆ ಮೊದಲು ಸಿಗುವುದಿಲ್ಲ. ಕುದುರೆ ಹೋಗಿ ಟ್ರಾಕ್ಟರ್ ಬಂದದ್ದು, ಬಾವಿ ಹೋಗಿ ನಲ್ಲಿ ಬಂದದ್ದು, ಕೂಲಿಯವರ ಕಾಟೇಜುಗಳು ಒಂದೊಂದಾಗಿ ಪಟ್ಟಣದವರ ಕೈಗೆ ಹೋದದ್ದು, ಎಲ್ಲವೂ ಬಹುಪಾಲು ಇದೇ ಖಾಲಿ ಜಾಗದಲ್ಲಿ ನಡೆದಿವೆ. ಅದನ್ನು ತುಂಬಬಲ್ಲವರು ಕಣ್ಣಾರೆ ಕಂಡವರು ಮಾತ್ರ. 1840ರ ಕಾಗದ ಮುಂದಿನ ವರ್ಷವೂ ಅಲ್ಲೇ ಇರುತ್ತದೆ. ತೊಂಬತ್ತರ ಹಿರಿಯರ ವಿಷಯದಲ್ಲಿ ಹಾಗೆ ಹೇಳಲಾಗದು.

ಬರಿಗೈಯಲ್ಲಿ ಹೋಗಬೇಡಿ. ಬ್ರಿಟನ್ನಿನ ಸರ್ಕಾರಿ ನಕ್ಷೆ ಸಂಸ್ಥೆಯಾದ ಆರ್ಡ್ನೆನ್ಸ್ ಸರ್ವೆಯ, ಮೈಲಿಗೆ 25 ಅಂಗುಲ ಅಳತೆಯ ಹಳೇ ನಕ್ಷೆ ಸ್ಕಾಟ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯದ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತದೆ. ಇಂಗ್ಲೆಂಡಿನ ಹಾಳೆಗಳೂ ಅಲ್ಲಿವೆ. ನಿಮ್ಮ ಊರಿನ ಹಾಳೆಗಳಲ್ಲಿ ಇತ್ತೀಚಿನದನ್ನು ಆರಿಸಿ, ಎ3 ಕಾಗದದಲ್ಲಿ ದೊಡ್ಡದಾಗಿ ಮುದ್ರಿಸಿ, ಪ್ರತಿ ಮನೆಗೂ ನೀವೇ ಒಂದು ನಂಬರು ಕೊಡಿ. ಅದನ್ನು ಮೇಜಿನ ಮೇಲೆ ಹರಡಿ ಊರಿನ ಒಂದು ತುದಿಯಿಂದ ಕೇಳುತ್ತ ಬನ್ನಿ: ಈ ಮನೆಯಲ್ಲಿ ಯಾರಿದ್ದರು, ಅವರು ಯಾವ ಫಾರ್ಮಿನಲ್ಲಿ ದುಡಿಯುತ್ತಿದ್ದರು, ಅವರ ನಂತರ ಯಾರು ಬಂದರು. "ಆಗಿನ ಕಾಲ ಹೇಗಿತ್ತು" ಎಂದು ಕೇಳಿದರೆ "ಕಷ್ಟವಿತ್ತು, ಆದರೆ ಚೆನ್ನಾಗಿತ್ತು" ಎಂಬಲ್ಲಿಗೆ ಮಾತು ಮುಗಿಯುತ್ತದೆ. ಕೈಕೆಲಸದ ಬಗ್ಗೆ ಕೇಳಿ. ನೀರು ಯಾವ ಪಂಪಿನಿಂದ ಬರುತ್ತಿತ್ತು, ಬೇಸಿಗೆಯಲ್ಲಿ ಅದು ಬತ್ತುತ್ತಿತ್ತೇ? ಹಿತ್ತಿಲ ಕಕ್ಕಸಿನ ಬಕೆಟ್ಟನ್ನು ಯಾರು, ಎಲ್ಲಿ ಖಾಲಿ ಮಾಡುತ್ತಿದ್ದರು? ಸೋಮವಾರದ ಬಟ್ಟೆ ಒಗೆತಕ್ಕೆ ತಾಮ್ರದ ಹಂಡೆಗೆ ಎಷ್ಟು ಗಂಟೆಗೆ ಉರಿ ಹಾಕುತ್ತಿದ್ದರು? ಮನೆಯ ಹಂದಿಯನ್ನು ಕಡಿಯಲು ಯಾರು ಬರುತ್ತಿದ್ದರು, ಮಾಂಸಕ್ಕೆ ಉಪ್ಪು ಹಾಕಿಡುತ್ತಿದ್ದದ್ದು ಯಾವ ಕೋಣೆಯಲ್ಲಿ? ಇಂಥ ಪ್ರಶ್ನೆಗೆ ಉತ್ತರ ಹೇಳುತ್ತಲೇ ನಿಮ್ಮ ಮನೆಯ ಹಳೇ ವಿನ್ಯಾಸ, ಮುಚ್ಚಿಹೋದ ಬಾಗಿಲು, ಕೆಡವಿದ ಹಿತ್ತಿಲ ಕೋಣೆ ಎಲ್ಲವೂ ಹೊರಬರುತ್ತವೆ.

ಇಸವಿಯನ್ನು ನೇರವಾಗಿ ಕೇಳಬೇಡಿ, ಹಿಂದುಮುಂದಾಗುತ್ತದೆ. ದಿನಾಂಕ ಖಚಿತವಿರುವ ಘಟನೆಗೆ ಗಂಟು ಹಾಕಿ ಕೇಳಿ. 1939ರ ಸೆಪ್ಟೆಂಬರ್ ಮೊದಲಲ್ಲಿ ಪಟ್ಟಣದ ಮಕ್ಕಳನ್ನು ಹಳ್ಳಿಗಳಿಗೆ ಕಳಿಸಿದ್ದು, 1947ರ ಜನವರಿ ಕೊನೆಯಿಂದ ಮಾರ್ಚ್‌ವರೆಗಿನ ಹಿಮ, 1953ರ ಜೂನ್ 2ರ ರಾಣಿಯ ಪಟ್ಟಾಭಿಷೇಕ, 1954ರ ಜುಲೈಯಲ್ಲಿ ರೇಷನ್ ಮುಗಿದದ್ದು, 1962–63ರ ಕಡು ಚಳಿಗಾಲ. "ಪಟ್ಟಾಭಿಷೇಕವನ್ನು ಟಿವಿಯಲ್ಲಿ ಯಾರ ಮನೆಯಲ್ಲಿ ನೋಡಿದಿರಿ? ಆಗ ನಿಮ್ಮ ಮನೆಗೆ ಕರೆಂಟ್ ಬಂದಿತ್ತೇ?" ಎಂದು ಕೇಳಿದರೆ ಒಂದೇ ಉತ್ತರದಲ್ಲಿ ಎರಡು ಮೂರು ಸಂಗತಿ ತೀರ್ಮಾನವಾಗುತ್ತವೆ.

ಗಂಡ ಹೆಂಡತಿಯನ್ನಾಗಲಿ ಅಣ್ಣ ತಮ್ಮಂದಿರನ್ನಾಗಲಿ ಮೊದಲ ಸಲ ಒಟ್ಟಿಗೆ ಕೂರಿಸಬೇಡಿ. ಒಬ್ಬರು ಗಟ್ಟಿಯಾಗಿ ಹೇಳಿದ್ದನ್ನು ಇನ್ನೊಬ್ಬರು ಒಪ್ಪಿಕೊಂಡು ಸುಮ್ಮನಾಗುತ್ತಾರೆ, ಎರಡು ಸಾಕ್ಷಿ ಒಂದಾಗಿಬಿಡುತ್ತದೆ. ಬೇರೆ ಬೇರೆಯಾಗಿ ಮಾತಾಡಿಸಿದ ಮೇಲೆ ಹಳೇ ಫೋಟೋ ಮುಂದಿಟ್ಟು ಒಟ್ಟಿಗೆ ಕೂರಿಸಿ. ಧ್ವನಿಮುದ್ರಣಕ್ಕೆ ಫೋನ್ ಸಾಕು. ಅದನ್ನು ಏರ್‌ಪ್ಲೇನ್ ಮೋಡಿಗೆ ಹಾಕಿ, ಅಂಗಿಗೆ ಸಿಕ್ಕಿಸುವ ಸಣ್ಣ ಮೈಕ್ ಜೋಡಿಸಿ, ಆಗುವುದಾದರೆ ವೇವ್ ಫೈಲಿನಲ್ಲಿ ಉಳಿಸಿ. ಗೋಡೆ ಗಡಿಯಾರದ ಟಿಕ್ ಟಿಕ್ ಮತ್ತು ಫ್ರಿಜ್ಜಿನ ಗುಂಯ್ ಸದ್ದು ಆಗ ಗೊತ್ತಾಗುವುದಿಲ್ಲ, ಮುದ್ರಣದಲ್ಲಿ ಕಾಡುತ್ತವೆ. ಅಡುಗೆಮನೆ ಬಿಟ್ಟು ಕಾರ್ಪೆಟ್, ಪರದೆ ಇರುವ ಕೋಣೆ ಆರಿಸಿ. ಒಂದೂವರೆ ಗಂಟೆಗಿಂತ ಹೆಚ್ಚು ಕೂರಿಸಬೇಡಿ. ಇದನ್ನು ಯಾರು ಕೇಳಬಹುದು, ಎಲ್ಲಿ ಇಡಬಹುದು ಎಂಬ ಒಪ್ಪಿಗೆಯನ್ನು ಅದೇ ದಿನ ಬರಹದಲ್ಲಿ ಸಹಿ ಮಾಡಿಸಿಕೊಳ್ಳಿ. ಅದಿಲ್ಲದ ಮುದ್ರಣವನ್ನು ಮುಂದೆ ರೆಕಾರ್ಡ್ ಆಫೀಸಿಗೆ ಕೊಡಲು ಹೋದರೆ ತೊಡಕಾಗುತ್ತದೆ. ಮನೆಯವರ ಫೋಟೋಗಳನ್ನು ಸಾಲ ತರದೆ ಅಲ್ಲೇ 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ.

ಕೇಳಿದ್ದೆಲ್ಲ ನಿಜವೆಂದು ಬರೆದುಕೊಳ್ಳಬೇಡಿ. ಹಳೇ ಮನೆಯ ತೊಲೆಗಳು ಒಡೆದ ಹಡಗಿನಿಂದ ತಂದವು ಎಂಬ ಮಾತು ಸಮುದ್ರವೇ ಇಲ್ಲದ ಕೌಂಟಿಗಳಲ್ಲೂ ಓಡಾಡುತ್ತದೆ. ತೊಲೆಯಲ್ಲಿ ಅರ್ಥವಿಲ್ಲದ ತೂತು, ಕೊರೆದ ಕಚ್ಚು ಕಂಡರೆ ಸಾಮಾನ್ಯವಾಗಿ ಅದು ಬೇರೊಂದು ಕಟ್ಟಡದಿಂದ ಬಿಚ್ಚಿ ತಂದ ಮರ. ಹಾಗೆಯೇ "ಓಲ್ಡ್ ಪೋಸ್ಟ್ ಆಫೀಸ್" ಎಂಬ ಹೆಸರಿನ ಮನೆಯೇ ಊರಿನ ಏಕೈಕ ಹಳೇ ಅಂಚೆಮನೆ ಎಂದು ನಂಬಬೇಡಿ. ಹಳ್ಳಿಯ ಅಂಚೆ ಕಚೇರಿ ಸಾಮಾನ್ಯವಾಗಿ ಯಾರೋ ಅಂಗಡಿಯವರ ಮುಂದಿನ ಕೋಣೆಯಲ್ಲಿರುತ್ತಿತ್ತು, ಆ ಕೆಲಸ ಇನ್ನೊಬ್ಬರಿಗೆ ಹೋದಾಗ ಕಚೇರಿಯೂ ಅವರ ಮನೆಗೆ ಹೋಗುತ್ತಿತ್ತು.

ಇಷ್ಟಾದ ಮೇಲೆ ಕಾಗದಕ್ಕೆ ಬನ್ನಿ. ನಿಯಮ ಒಂದೇ: ಗೊತ್ತಿರುವ ಇಂದಿನಿಂದ ಹಿಂದಕ್ಕೆ ಹೋಗಬೇಕು, ಹಳೆಯದರಿಂದ ಮುಂದಕ್ಕೆ ಬರಬಾರದು. ಮತದಾರರ ಪಟ್ಟಿಗಳಿಂದ ಶುರು ಮಾಡಿ. 1918ರಿಂದ ಮೂವತ್ತು ದಾಟಿದ ಹೆಂಗಸರಲ್ಲಿ ಹಲವರು, 1928ರ ನಂತರ ಇಪ್ಪತ್ತೊಂದು ತುಂಬಿದ ಹೆಂಗಸರೆಲ್ಲ ಅದರಲ್ಲಿದ್ದಾರೆ. 1940ರಿಂದ 1944ರವರೆಗೆ ಪಟ್ಟಿ ತಯಾರಾಗಲಿಲ್ಲ. ಆಮೇಲೆ 1939ರ ಸೆಪ್ಟೆಂಬರ್ 29ರ ರಿಜಿಸ್ಟರ್. ಯುದ್ಧದ ಗುರುತಿನ ಚೀಟಿಗೆಂದು ಮಾಡಿದ ಈ ಪಟ್ಟಿಯಲ್ಲಿ ಹುಟ್ಟಿದ ದಿನ, ಕಸುಬು ಎರಡೂ ಇವೆ. ಮುಂದೆ ಇದನ್ನೇ ಆರೋಗ್ಯ ಸೇವೆಯವರು ಬಳಸಿದ್ದರಿಂದ ಎಷ್ಟೋ ಹೆಂಗಸರ ಮದುವೆಯ ನಂತರದ ಹೆಸರನ್ನು ಬೇರೆ ಶಾಯಿಯಲ್ಲಿ ಮೇಲೆ ಬರೆದಿರುತ್ತಾರೆ. ಸೈನ್ಯದಲ್ಲಿದ್ದವರು ಇದರಲ್ಲಿಲ್ಲ. ನೂರು ವರ್ಷ ತುಂಬದೆ, ತೀರಿಕೊಂಡದ್ದೂ ದಾಖಲಾಗದವರ ಸಾಲನ್ನು ಮುಚ್ಚಿರುತ್ತಾರೆ.

ಜನಗಣತಿಯಲ್ಲಿ ಹೊಸಬರು ಎಡವುವುದು ಒಂದೇ ಕಡೆ. ಹಳ್ಳಿಯ ಮನೆಗಳಿಗೆ ನಂಬರಿರಲಿಲ್ಲ, ಹೆಸರೂ ಅಪರೂಪ. ಪುಟದ ಎಡಗಡೆಯ ಸಂಖ್ಯೆ ಮನೆ ನಂಬರಲ್ಲ, ಮನೆಮನೆಗೆ ಕೊಟ್ಟ ಗಣತಿ ಹಾಳೆಯ ಕ್ರಮಸಂಖ್ಯೆ ಅಷ್ಟೇ. ಹಾಗಾಗಿ ಮೊದಲು ಕದಲದ ಕಟ್ಟಡಗಳನ್ನು ಗುರುತಿಸಿಕೊಳ್ಳಿ: ಪಾದ್ರಿಯ ಮನೆ, ಶಾಲೆ, ಪಬ್ಬು, ಕಮ್ಮಾರಸಾಲೆ, ಗಿರಣಿ. ಅವುಗಳ ನಡುವೆ ಎಷ್ಟು ಮನೆಗಳು ಬರುತ್ತವೆಂದು ಪಟ್ಟಿಯಲ್ಲೂ ನಕ್ಷೆಯಲ್ಲೂ ಎಣಿಸಿ. ಗಣತಿದಾರ ಯಾವ ದಾರಿಯಲ್ಲಿ ನಡೆದನೆಂಬುದು ಆಗ ಹೊಳೆಯುತ್ತದೆ. ಖಾಲಿ ಮನೆಗಳನ್ನು ಎಣಿಸಲು ಮರೆತರೆ ಲೆಕ್ಕ ಜಾರುತ್ತದೆ. ರಸ್ತೆಯ ಎರಡೂ ಬದಿಯನ್ನು ಒಮ್ಮೆಗೇ ಮಾಡಿದನೋ, ಒಂದು ಬದಿ ಹೋಗಿ ಇನ್ನೊಂದರಲ್ಲಿ ಬಂದನೋ ಎಂಬುದು ಹತ್ತು ವರ್ಷಕ್ಕೊಮ್ಮೆ ಬದಲಾಗಬಹುದು. 1911ರ ಹಾಳೆಯಲ್ಲಿ ಅಡುಗೆಮನೆ ಸೇರಿಸಿ ಕೋಣೆಗಳ ಸಂಖ್ಯೆ ಇದೆ, ಪಾತ್ರೆ ತೊಳೆಯುವ ಕೋಣೆ, ಬಚ್ಚಲು ಸೇರಿಲ್ಲ; ನಿಮ್ಮ ಮನೆಯ ಹಳೇ ಕೋಣೆಗಳೊಂದಿಗೆ ತಾಳೆ ನೋಡಬಹುದು. 1921ರಲ್ಲಿ ದುಡಿಸಿಕೊಳ್ಳುವವರ ಹೆಸರನ್ನೂ ಕೇಳಿದ್ದರಿಂದ ಕೂಲಿಯವನು ಯಾರ ಹೊಲದವನೆಂದು ತಿಳಿಯುತ್ತದೆ. 1841ರದನ್ನು ಮಾತ್ರ ಎಚ್ಚರಿಕೆಯಿಂದ ಓದಿ: ಹದಿನೈದು ದಾಟಿದವರ ವಯಸ್ಸನ್ನು ಐದರ ಮಗ್ಗಿಗೆ ಇಳಿಸಿ ಬರೆಯಲು ಸೂಚನೆಯಿತ್ತು, 44 ಆದವರು 40 ಆಗುತ್ತಾರೆ. ಹುಟ್ಟೂರನ್ನೂ ಹೇಳುವುದಿಲ್ಲ, ಅದೇ ಕೌಂಟಿಯಲ್ಲಿ ಹುಟ್ಟಿದವರೋ ಅಲ್ಲವೋ ಎಂದಷ್ಟೇ.

1910ರ ಹಣಕಾಸು ಕಾಯಿದೆಗಾಗಿ ಮಾಡಿದ ಆಸ್ತಿ ಮೌಲ್ಯಮಾಪನವನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಕಾಟೇಜೊಂದಕ್ಕೆ ನನ್ನ ಮಟ್ಟಿಗೆ ಇದಕ್ಕಿಂತ ಒಳ್ಳೆಯ ದಾಖಲೆ ಇಲ್ಲ. ಲಂಡನ್ನಿನ ಕ್ಯೂ ಎಂಬಲ್ಲಿರುವ ರಾಷ್ಟ್ರೀಯ ದಾಖಲೆಮನೆಯಲ್ಲಿ ಐಆರ್ 58 ಎಂಬ ಸಂಖ್ಯೆಯ ಪುಸ್ತಕಗಳಲ್ಲಿ ಮಾಲೀಕ, ಬಾಡಿಗೆದಾರ, ಬಾಡಿಗೆ, ಎಷ್ಟೋ ಕಡೆ ಗೋಡೆ, ಚಾವಣಿ, ಕೋಣೆ, ಹಂದಿಗೂಡಿನ ವಿವರವೂ ಇದೆ. ಆದರೆ ಪುಸ್ತಕಕ್ಕೆ ಹೋಗಲು ಮೊದಲು ಆ ಮೌಲ್ಯಮಾಪನದ ನಕ್ಷೆಯಲ್ಲಿ ನಿಮ್ಮ ಮನೆಗೆ ಕೊಟ್ಟ ನಂಬರು ಹಿಡಿಯಬೇಕು. ನಂಬರಿಲ್ಲದೆ ಪುಸ್ತಕ ತರಿಸಿದರೆ ದಿನ ಹಾಳು.

ಇನ್ನೂ ಹಿಂದಕ್ಕೆ, ಟೈದ್ ನಕ್ಷೆ. ಬೆಳೆಯ ಹತ್ತನೆಯ ಒಂದು ಪಾಲು ಚರ್ಚಿಗೆ ಸಲ್ಲಬೇಕೆಂಬ ಹಳೇ ಕಟ್ಟಳೆಯನ್ನು 1836ರ ಕಾಯಿದೆ ಹಣದ ರೂಪಕ್ಕೆ ತಂದಿತು. ಅದಕ್ಕಾಗಿ ಪ್ಯಾರಿಷ್‌ಗಳನ್ನು, ಅಂದರೆ ಒಂದೊಂದು ಚರ್ಚಿಗೆ ಸೇರಿದ ಪ್ರದೇಶಗಳನ್ನು, ಅಳೆದು ನಕ್ಷೆ ಮಾಡಿದರು. ಜೊತೆಗಿರುವ ಪಟ್ಟಿಯನ್ನು ನಮ್ಮ ಪಹಣಿ ಓದಿ ಗೊತ್ತಿರುವವರು ಕೂಡಲೇ ಹಿಡಿಯುತ್ತಾರೆ: ಮಾಲೀಕರು, ಅನುಭವದಲ್ಲಿರುವವರು, ತುಂಡಿನ ನಂಬರು, ಹೊಲದ ಹೆಸರು, ಉಳುಮೆಯೋ ಹುಲ್ಲುಗಾವಲೋ, ವಿಸ್ತೀರ್ಣ, ಕಟ್ಟಬೇಕಾದ ಹಣ. ವಿಸ್ತೀರ್ಣ ಎಕರೆ, ರೂಡ್, ಪರ್ಚ್‌ಗಳಲ್ಲಿರುತ್ತದೆ. ಎಕರೆಗೆ 4 ರೂಡ್, ರೂಡಿಗೆ 40 ಪರ್ಚ್. ನಮ್ಮ ಲೆಕ್ಕಕ್ಕೆ ಒಂದು ರೂಡ್ ಎಂದರೆ ಹತ್ತು ಗುಂಟೆ, ನಾಲ್ಕು ಪರ್ಚ್ ಎಂದರೆ ಒಂದು ಗುಂಟೆ. ಕಾಟೇಜಿನ ಮುಂದೆ 0–0–20 ಎಂದಿದ್ದರೆ ಮನೆ, ಕೈತೋಟ ಸೇರಿ ಐದು ಗುಂಟೆ. ಹೊಲದ ಹೆಸರನ್ನು ಬಿಡದೆ ಬರೆದುಕೊಳ್ಳಿ. "ಬ್ರಿಕ್ ಕಿಲ್ನ್ ಫೀಲ್ಡ್" ಎಂದಿದ್ದರೆ ನಿಮ್ಮ ಮನೆಯ ಇಟ್ಟಿಗೆ ಅಲ್ಲೇ ಸುಟ್ಟದ್ದಿರಬಹುದು. ಎಲ್ಲ ಊರಿಗೂ ಈ ನಕ್ಷೆ ಇಲ್ಲ. ಮಧ್ಯ ಇಂಗ್ಲೆಂಡಿನ ಹಲವು ಊರುಗಳಲ್ಲಿ ಅದಕ್ಕೂ ಮೊದಲೇ ಬಯಲು ಹೊಲಗಳನ್ನು ಬೇಲಿ ಹಾಕಿ ಹಂಚುವಾಗ ಚರ್ಚಿನ ಪಾಲನ್ನು ಜಮೀನಾಗಿ ಕೊಟ್ಟು ತೀರಿಸಿದ್ದರು. ಅಲ್ಲಿ ಆ ಹಂಚಿಕೆಯ ನಕ್ಷೆಯನ್ನೇ ಹುಡುಕಬೇಕು. ಚೆಷೈರ್, ನಾರ್ಫಕ್ ಕೌಂಟಿಗಳ ಟೈದ್ ನಕ್ಷೆಗಳು ಆನ್‌ಲೈನಿನಲ್ಲಿ ಉಚಿತ.

ಊರಿನ ದಿನಚರಿ ಬೇಕೆಂದರೆ ಶಾಲೆಯ ಲಾಗ್ ಪುಸ್ತಕ ಓದಿ. 1862ರ ನಂತರ ಸರ್ಕಾರಿ ಅನುದಾನದ ಶಾಲೆಗಳ ಮುಖ್ಯೋಪಾಧ್ಯಾಯರು ಇದನ್ನು ಬರೆಯಲೇಬೇಕಿತ್ತು. ಹಾಜರಿ, ಫಲಿತಾಂಶ ನೋಡಿ ಅನುದಾನ ಕೊಡುತ್ತಿದ್ದರಿಂದ ಮಕ್ಕಳು ಏಕೆ ಬರಲಿಲ್ಲವೆಂದು ಬರೆದಿಡುತ್ತಿದ್ದರು: ಕೊಯ್ಲು, ಆಲೂಗಡ್ಡೆ ಆರಿಸುವುದು, ಹೊಲದ ಕಲ್ಲು ಹೆಕ್ಕುವುದು, ದಡಾರ, ಹಿಮ. 1965ರಲ್ಲಿ ವಿಮೆನ್ಸ್ ಇನ್‌ಸ್ಟಿಟ್ಯೂಟ್ ಎಂಬ ಮಹಿಳಾ ಸಂಘದ ಸುವರ್ಣ ವರ್ಷಕ್ಕೆಂದು ಎಷ್ಟೋ ಹಳ್ಳಿಗಳ ಹೆಂಗಸರು ತಮ್ಮ ಊರಿನ ಚಿತ್ರ, ವಿವರಗಳ ಸ್ಕ್ರ್ಯಾಪ್‌ಬುಕ್ ಮಾಡಿದರು. ನಿಮ್ಮ ಊರಿನದು ರೆಕಾರ್ಡ್ ಆಫೀಸಿನಲ್ಲಿದೆಯೇ ಕೇಳಿ.

ಹಳೇ ಕ್ರಯಪತ್ರದ ಮೇಲೆ ಹೆಚ್ಚು ಆಸೆ ಬೇಡ. ಮಾರುವವರು ಹದಿನೈದು ವರ್ಷದ ಹಕ್ಕು ತೋರಿಸಿದರೆ ಸಾಕೆಂದು 1969ರ ಕಾನೂನು ಹೇಳಿದ ಮೇಲೆ, ಭೂನೋಂದಣಿಯೂ ಆದ ಮೇಲೆ, ಹಳೇ ಕಟ್ಟುಗಳನ್ನು ಎಸೆದವರು ಬಹಳ. ಮಾರಿದವರನ್ನೂ ಅವರ ವಕೀಲರನ್ನೂ ಒಂದು ಪತ್ರ ಬರೆದು ಕೇಳಿ ನೋಡಿ.

ಚರ್ಚಿನ ದಾಖಲೆಗಳು ಕೆಲವು ಊರುಗಳಲ್ಲಿ 1538ರಿಂದ ಇವೆ, ಆದರೆ ಅವು ವ್ಯಕ್ತಿಗಳ ದೀಕ್ಷಾಸ್ನಾನ, ಮದುವೆ, ಶವಸಂಸ್ಕಾರದ ದಾಖಲೆ, ಮನೆಯನ್ನು ಹೆಸರಿಸುವುದು ಅಪರೂಪ. 1813ರ ನಂತರದ ಅಚ್ಚಿನ ನಮೂನೆಯಲ್ಲಿ ಮಾತ್ರ ತಂದೆಯ ಕಸುಬು, ವಾಸದ ಊರು ಸಿಗುತ್ತವೆ. 1752ಕ್ಕೆ ಮೊದಲು ಅಲ್ಲಿ ಹೊಸ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ಕ್ಕೆ. 1720ರ ಫೆಬ್ರವರಿ ಎಂದು ಬರೆದಿದ್ದರೆ ನಮ್ಮ ಲೆಕ್ಕದಲ್ಲಿ 1721. ಇದನ್ನು ಮರೆತರೆ ಮದುವೆಗಿಂತ ಮೊದಲೇ ಮಗು ಹುಟ್ಟಿದಂತೆಯೋ, ಸತ್ತವರು ಆಮೇಲೆ ಸಾಕ್ಷಿ ಹಾಕಿದಂತೆಯೋ ಕಾಣುತ್ತದೆ. ಬರೆದುಕೊಳ್ಳುವಾಗ 1720/21 ಎಂದು ಎರಡನ್ನೂ ಹಾಕಿ.

ರೆಕಾರ್ಡ್ ಆಫೀಸಿಗೆ ಹೋಗುವ ದಿನ ಪೆನ್ಸಿಲ್, ವಿಳಾಸವಿರುವ ಗುರುತಿನ ಚೀಟಿ ಒಯ್ಯಿರಿ. ಪೆನ್ನನ್ನು ಓದುವ ಕೋಣೆಗೆ ಬಿಡುವುದಿಲ್ಲ. ದಾಖಲೆ ಸಂಖ್ಯೆಗಳನ್ನು ಮೊದಲೇ ಕಳಿಸಿ ಜಾಗ ಕಾದಿರಿಸಿ, ಫೋಟೋ ತೆಗೆಯಲು ದಿನಕ್ಕೆಷ್ಟು ಶುಲ್ಕವೆಂದು ಕೇಳಿಕೊಳ್ಳಿ. ಪ್ರತಿ ದಾಖಲೆಯ ಮೊದಲ ಫೋಟೋದಲ್ಲಿ ಅದರ ಸಂಖ್ಯೆ ಬರೆದ ಚೀಟಿಯೂ ಬೀಳುವಂತೆ ಇಡಿ, ಇಲ್ಲವಾದರೆ ಮನೆಗೆ ಬಂದ ಮೇಲೆ ಯಾವ ಪುಟ ಯಾವ ಪುಸ್ತಕದ್ದೆಂದು ತಿಳಿಯುವುದಿಲ್ಲ.