ಸವಾರಿ ಕ್ಲಿನಿಕ್: ಎರಡು ದಿನದ ಪಾಠ, ಎರಡು ತಿಂಗಳ ಅಭ್ಯಾಸ

ಓದುಗರ ಪ್ರಶ್ನೆಗೆ ತಜ್ಞರ ಉತ್ತರ

ಪ್ರಶ್ನೆ: ನನ್ನ ಮಗಳಿಗೆ 13 ವರ್ಷ. ಎರಡು ವರ್ಷಗಳಿಂದ ನಗರದ ಹೊರವಲಯದ ಸವಾರಿ ಶಾಲೆಯೊಂದರಲ್ಲಿ ವಾರಕ್ಕೆ ಮೂರು ದಿನ ಕಲಿಯುತ್ತಿದ್ದಾಳೆ. ಸ್ವಂತ ಕುದುರೆಯಿಲ್ಲ, ಶಾಲೆಯ ಕುದುರೆಗಳ ಮೇಲೆಯೇ ಕಲಿಕೆ. ಮುಂದಿನ ತಿಂಗಳು ವಿದೇಶದ ತರಬೇತುದಾರರೊಬ್ಬರು ಬಂದು ಎರಡು ದಿನದ ಜಂಪಿಂಗ್ ಕ್ಲಿನಿಕ್ (ಕುದುರೆಯನ್ನು ತಡೆಗಳ ಮೇಲಿನಿಂದ ಹಾರಿಸುವುದನ್ನು ಕಲಿಸುವ ಕಿರು ಶಿಬಿರ) ನಡೆಸಲಿದ್ದಾರೆ. ಅದರ ಶುಲ್ಕ ನಾವು ಶಾಲೆಗೆ ಕಟ್ಟುವ ಎರಡು ತಿಂಗಳ ಶುಲ್ಕಕ್ಕೆ ಸಮ. ಸೇರಿಸಿದರೆ ನಿಜವಾಗಿ ಪ್ರಯೋಜನವಿದೆಯೇ?
– ಒಬ್ಬ ತಾಯಿ, ಬೆಂಗಳೂರು

ಉತ್ತರ: ಪ್ರಯೋಜನ ಖಂಡಿತ ಇದೆ, ಆದರೆ ಅದರ ಹೆಚ್ಚಿನ ಪಾಲು ಕೈಗೆ ಬರುವುದು ಕ್ಲಿನಿಕ್ ಮುಗಿದ ಮೇಲಿನ ಆರೆಂಟು ವಾರಗಳಲ್ಲಿ, ಆ ಎರಡು ದಿನಗಳಲ್ಲಲ್ಲ. ನಾಲ್ಕೈದು ಮಕ್ಕಳ ಗುಂಪಿಗೆ ಒಂದು ಗಂಟೆಯ ಪಾಠವೆಂದರೆ ಒಬ್ಬೊಬ್ಬರ ಮೇಲೆ ಗುರುಗಳ ನೇರ ಗಮನ ಬೀಳುವುದು 12ರಿಂದ 15 ನಿಮಿಷ ಮಾತ್ರ. ಅಷ್ಟರಲ್ಲಿ ದೇಹಕ್ಕೆ ಹೊಸ ರೂಢಿ ಅಂಟುವುದಿಲ್ಲ. ಬದಲಿಗೆ, ದಿನವೂ ನೋಡಿ ನೋಡಿ ಶಾಲೆಯ ಶಿಕ್ಷಕರ ಕಣ್ಣಿಗೆ ಸಹಜವೆನಿಸಿಬಿಟ್ಟ ದೋಷವೊಂದು, ಅಂದರೆ ಎಡ ಭುಜ ಸದಾ ಮುಂದೆ ಬಾಗಿರುವುದೋ ತಿರುವಿನಲ್ಲಿ ಒಳಗಿನ ಕೈ ಲಗಾಮನ್ನು ಹಿಂದಕ್ಕೆಳೆಯುವುದೋ, ಹೊಸಬರ ಕಣ್ಣಿಗೆ ತಟ್ಟನೆ ಬೀಳುತ್ತದೆ. ಅದನ್ನು ತಿದ್ದುವ ಕೆಲಸ ಮತ್ತೆ ನಿಮ್ಮ ಶಾಲೆಯ ಮೈದಾನದಲ್ಲೇ ನಡೆಯಬೇಕು.

ನಮ್ಮ ದೇಶದ ಉತ್ತಮ ಸವಾರರ ದಾರಿಯನ್ನು ನೋಡಿದರೂ ಇದು ತಿಳಿಯುತ್ತದೆ. 2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದ ಈವೆಂಟಿಂಗ್‌ನಲ್ಲಿ (ಮೂರು ಬಗೆಯ ಸವಾರಿ ಸೇರಿದ ಸ್ಪರ್ಧೆ) ವೈಯಕ್ತಿಕ ಹಾಗೂ ತಂಡ ವಿಭಾಗಗಳೆರಡರಲ್ಲೂ ಬೆಳ್ಳಿ ಗೆದ್ದ ಬೆಂಗಳೂರಿನ ಫವಾದ್ ಮಿರ್ಜಾ, ಜರ್ಮನಿಯ ಒಲಿಂಪಿಕ್ ಸವಾರೆ ಸಾಂಡ್ರಾ ಔಫಾರ್ತ್ ಅವರ ಬಳಿ ದೀರ್ಘಕಾಲ ತರಬೇತಿ ಪಡೆದರು. 2023ರಲ್ಲಿ ನಡೆದ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಡ್ರೆಸಾಜ್ (ಕುದುರೆಯಿಂದ ನಿಗದಿತ ನಡೆಗಳನ್ನು ಮಾಡಿಸುವ ಸ್ಪರ್ಧೆ) ತಂಡದ ಚಿನ್ನದ ಜೊತೆಗೆ ವೈಯಕ್ತಿಕ ಕಂಚನ್ನೂ ಗೆದ್ದ ಕೋಲ್ಕತ್ತದ ಅನುಷ್ ಅಗರವಾಲಾ, ಹದಿಹರೆಯದಲ್ಲೇ ಜರ್ಮನಿಗೆ ಹೋಗಿ ಹ್ಯೂಬರ್ಟಸ್ ಶ್ಮಿಟ್ ಅವರಲ್ಲಿ ಕಲಿಯುತ್ತ ಅಲ್ಲೇ ನೆಲೆಸಿದರು. ಒಬ್ಬ ಗುರುವಿನ ಕಣ್ಣೆದುರು ವರ್ಷಗಟ್ಟಲೆ ಸವಾರಿ ಮಾಡಿದ್ದರ ಫಲವದು. ಆ ನಿರಂತರತೆಗೆ ಕ್ಲಿನಿಕ್ ಬದಲಿಯಾಗಲಾರದು. ಆದರೆ ಜರ್ಮನಿಗೆ ಹೋಗಲಾಗದ ನೂರಾರು ಮಕ್ಕಳಿಗೆ ಅಲ್ಲಿನ ಕಲಿಕೆಯ ಒಂದು ತುಣುಕನ್ನು ಮನೆಯ ಬಳಿಗೆ ತಂದುಕೊಡಬಲ್ಲದು.

ಸೇರಿಸುವುದಾದರೆ ಮೊದಲು ಗುಂಪಿನ ಆಯ್ಕೆಯ ಕಡೆ ಗಮನ ಕೊಡಿ. ಶಾಲೆಯಲ್ಲಿ 80 ಸೆಂ.ಮೀ. ಎತ್ತರದ ಜಂಪ್‌ಗಳನ್ನು ಆರಾಮವಾಗಿ ದಾಟುವ ಮಗುವನ್ನು 70 ಸೆಂ.ಮೀ. ಗುಂಪಿಗೆ ಸೇರಿಸುವುದೇ ಸರಿ, ಏಕೆಂದರೆ ಎತ್ತರದ ಚಿಂತೆ ತಲೆಯಲ್ಲಿದ್ದಾಗ ಗುರುಗಳ ಮಾತು ಕಿವಿಗೆ ಬಿದ್ದರೂ ಮೈಗೆ ಇಳಿಯುವುದಿಲ್ಲ. ಎತ್ತರದ ಗುಂಪಿಗೆ ಸೇರಿಸಲು ಆಸೆಪಡುವ ಪೋಷಕರನ್ನು ನಾನು ಬಹಳ ಕಂಡಿದ್ದೇನೆ. ಆ ಆಸೆಯ ಭಾರ ಬೀಳುವುದು ಮಗುವಿನ ಮೇಲೆ ಮತ್ತು ಕುದುರೆಯ ಮೇಲೆ. ಯಾವ ಕುದುರೆ ಕೊಡುತ್ತಾರೆ, ಅದನ್ನು ನಿಮ್ಮ ಮಗಳು ಮೊದಲು ಓಡಿಸಿದ್ದಾಳೆಯೇ, ಅದೇ ಕುದುರೆಯನ್ನು ಅದೇ ದಿನ ಇನ್ನೆಷ್ಟು ಮಕ್ಕಳಿಗೆ ಕೊಡಲಿದ್ದಾರೆ ಎಂದೂ ಸಂಘಟಕರನ್ನು ಕೇಳಿ. ಬಿಸಿಲಿನಲ್ಲಿ ಮೂರನೆಯ ಪಾಠಕ್ಕೆ ಬಂದ ಕುದುರೆ ಯಾರಿಗೂ ಏನನ್ನೂ ಕಲಿಸಲಾರದು, ಮತ್ತು ಅದನ್ನು ಹಾಗೆ ದುಡಿಸುವುದು ಅನ್ಯಾಯ.

ಒಳ್ಳೆಯ ಕ್ಲಿನಿಕ್‌ನಲ್ಲಿ ಏನು ಕಲಿಸುತ್ತಾರೆಂಬುದಕ್ಕೆ ಒಂದು ಅಭ್ಯಾಸವನ್ನು ವಿವರಿಸುತ್ತೇನೆ. ಕ್ಯಾಂಟರ್‌ನಲ್ಲಿ (ನಾಗಾಲೋಟಕ್ಕಿಂತ ನಿಧಾನದ ಓಟದಲ್ಲಿ) ಸಾಮಾನ್ಯ ಕುದುರೆಯ ಒಂದು ಸ್ಟ್ರೈಡ್ (ನಾಲ್ಕೂ ಕಾಲುಗಳ ಹೆಜ್ಜೆಯ ಒಂದು ಪೂರ್ಣ ಸುತ್ತು) ಸುಮಾರು 3.6 ಮೀಟರ್ ಎಂದು ಲೆಕ್ಕ ಹಿಡಿಯುತ್ತಾರೆ. ಮೊದಲ ಜಂಪ್‌ನಿಂದ ಇಳಿಯಲು 1.8 ಮೀಟರ್, ಎರಡನೆಯದಕ್ಕೆ ಏಳಲು ಇನ್ನೊಂದು 1.8 ಮೀಟರ್ ಬಿಟ್ಟರೆ, 18 ಮೀಟರ್ ಅಂತರದ ಎರಡು ಪುಟ್ಟ ಜಂಪ್‌ಗಳ ನಡುವೆ ನಾಲ್ಕು ಸ್ಟ್ರೈಡ್ ಹಿಡಿಯುತ್ತವೆ. ಗುರುಗಳು ಮೊದಲು ನಾಲ್ಕರಲ್ಲಿ ದಾಟಲು ಹೇಳುತ್ತಾರೆ. ಬಳಿಕ ಅದೇ ಅಂತರವನ್ನು ಐದರಲ್ಲಿ ದಾಟಲು ಹೇಳುತ್ತಾರೆ. ಐದು ಬೇಕೆಂದರೆ ಲಗಾಮು ಜಗ್ಗಿ ಕುದುರೆಯನ್ನು ನಿಧಾನಿಸಿದರೆ ಆಗದು, ಅದು ಟ್ರಾಟ್‌ಗೆ (ಇನ್ನೂ ನಿಧಾನದ ಓಟಕ್ಕೆ) ಇಳಿದುಬಿಡುತ್ತದೆ. ಬೆನ್ನು ನೆಟ್ಟಗಿಟ್ಟು, ಕಾಲಿನ ಒತ್ತು ಬಿಡದೆ, ಲಯ ಕೆಡದಂತೆ ಸ್ಟ್ರೈಡನ್ನಷ್ಟೇ ಗಿಡ್ಡ ಮಾಡಬೇಕು. ವೇಗ ಬೇರೆ, ಸ್ಟ್ರೈಡಿನ ಉದ್ದ ಬೇರೆ ಎಂಬುದು ಹುಡುಗಿಯ ಮೈಗೆ ತಿಳಿಯುವುದು ಆ ಗಳಿಗೆಯಲ್ಲಿ. ಶಾಲೆಯ ಕುದುರೆ ಗಿಡ್ಡವಾಗಿದ್ದರೆ ಅಂತರವನ್ನೂ ಕಡಿಮೆ ಮಾಡಬೇಕೆಂಬುದು ನೆನಪಿರಲಿ. ಇದಕ್ಕೆ ಎತ್ತರದ ಜಂಪ್ ಬೇಕಿಲ್ಲ, ದುಬಾರಿ ಕುದುರೆಯೂ ಬೇಕಿಲ್ಲ. ಕ್ಲಿನಿಕ್ ಮುಗಿದ ಮೇಲೆ ನಿಮ್ಮ ಶಾಲೆಯಲ್ಲೇ ತಿಂಗಳುಗಟ್ಟಲೆ ಮಾಡಬಹುದು.

ತನ್ನ ಸರದಿ ಮುಗಿದೊಡನೆ ಮಗಳನ್ನು ಮನೆಗೆ ಕರೆತರಬೇಡಿ. ಉಳಿದ ಗುಂಪುಗಳ ಪಾಠವನ್ನು ಬೇಲಿಯ ಬಳಿ ಕುಳಿತು ನೋಡಲಿ. ಕುದುರೆಯ ಮೇಲಿದ್ದಾಗ ಕಾಣದ ಎಷ್ಟೋ ಸಂಗತಿ, ಗುರುಗಳು ಬಾಯಿ ತೆರೆಯುವ ಮೊದಲೇ ಅವರೇನು ಹೇಳಬಹುದೆಂದು ಊಹಿಸುತ್ತ ಕುಳಿತವಳಿಗೆ ಕಾಣತೊಡಗುತ್ತದೆ. ಹಣದ ಅಡಚಣೆಯಿದ್ದರೆ ಈ ಸಲ ನೋಡುವುದಕ್ಕಷ್ಟೇ ಕಳುಹಿಸಬಹುದೇ ಎಂದು ಕೇಳಿ. ಅನೇಕ ಕಡೆ ಅದಕ್ಕೆ ಕಡಿಮೆ ಶುಲ್ಕವಿರುತ್ತದೆ. ಅಂದು ಸಂಜೆಯೇ ಮೂರು ವಿಷಯ ಬರೆದಿಡಲಿ: ಗುರುಗಳು ಪದೇ ಪದೇ ಹೇಳಿದ್ದೇನು, ಅದು ಸರಿಬಂದಾಗ ಕುದುರೆಯಲ್ಲಿ ಏನು ಬದಲಾಯಿತು, ಯಾವ ಅಭ್ಯಾಸದಲ್ಲಿ ಬಂತು. ಆ ಹಾಳೆಯನ್ನು ಶಾಲೆಯ ಶಿಕ್ಷಕರಿಗೆ ತೋರಿಸಿ. ಮತ್ತೊಂದು ಮಾತು: ಬೆಳಗ್ಗೆ ಅರ್ಧ ಗಂಟೆ ಮುಂಚೆ ಹೋಗಿ, ಕುದುರೆಗೆ ಮೈ ಉಜ್ಜಿ ಜೀನು ಕಟ್ಟುವ ಸೈಸ್ ಜೊತೆ ಅವಳೂ ಕೈಹಚ್ಚಲಿ. ಯಾವ ಬದಿ ಕುದುರೆ ಬಿಗಿ, ಯಾವುದಕ್ಕೆ ಬೆದರುತ್ತದೆ ಎಂಬುದು ದಿನವೂ ಅದರೊಂದಿಗಿರುವ ಆತನಿಗೆ ಗೊತ್ತಿರುವಷ್ಟು ಹೊರಗಿನಿಂದ ಬಂದ ಯಾವ ತಜ್ಞರಿಗೂ ಗೊತ್ತಿರುವುದಿಲ್ಲ.

ಪ್ರಶ್ನೆ: ನನಗೆ 16 ವರ್ಷ. ಸೇನೆಯಿಂದ ನಿವೃತ್ತರಾದ ನಮ್ಮ ಸರ್ ಮೊದಲಿನಿಂದಲೂ ಮೊಣಕಾಲಿನಿಂದ ಜೀನನ್ನು ಬಿಗಿಯಾಗಿ ಹಿಡಿಯಲು ಕಲಿಸಿದ್ದಾರೆ. ಕ್ಲಿನಿಕ್‌ಗೆ ಬಂದವರು ಮೊಣಕಾಲು ಸಡಿಲಿಸು ಎಂದರು. ಯಾರ ಮಾತು ಕೇಳಲಿ?
– ಒಬ್ಬ ವಿದ್ಯಾರ್ಥಿ, ಮೈಸೂರು

ಉತ್ತರ: ಮೊಣಕಾಲಿನ ವಿಷಯದಲ್ಲಿ ಕ್ಲಿನಿಕ್‌ನವರ ಮಾತು ಸರಿ. ಮೊಣಕಾಲು ಬಿಗಿಹಿಡಿದರೆ ಅದೇ ಒಂದು ಕೀಲಾಗಿ, ಕೆಳಗಾಲು ಹಿಂದಕ್ಕೆ ಜಾರಿ, ಸೊಂಟದ ಮೇಲಿನ ದೇಹ ಮುಂದಕ್ಕೆ ವಾಲುತ್ತದೆ. ಕುದುರೆ ಜಂಪ್‌ನ ಮುಂದೆ ಗಕ್ಕನೆ ನಿಂತರೆ ಸವಾರ ಅದರ ಕತ್ತಿನ ಮೇಲಿನಿಂದ ಉರುಳುತ್ತಾನೆ. ಮೊಣಕಾಲು ಜೀನಿಗೆ ತಾಗಿರಲಿ, ಭಾರವು ಅಲ್ಲಿ ತಡೆಯಿಲ್ಲದೆ ಹಿಮ್ಮಡಿಗೆ ಇಳಿಯಲಿ, ಮೀನಖಂಡ ಕುದುರೆಯ ಪಕ್ಕೆಗೆ ಮೃದುವಾಗಿ ಒರಗಿರಲಿ. ಆದರೆ ನಿನ್ನ ಸರ್ ಕಲಿಸಿದ್ದು ತಪ್ಪು ಎಂಬ ತೀರ್ಮಾನಕ್ಕೆ ಬರಬೇಡ. ಅವರ ತಲೆಮಾರಿನ ಅನೇಕರು ಕಲಿತದ್ದೇ ಹಾಗೆ, ಮತ್ತು ಸವಾರಿಯ ವಿದ್ಯೆ ಕಾಲಕಾಲಕ್ಕೆ ಬದಲಾಗುತ್ತಲೇ ಬಂದಿದೆ. ಜಂಪ್ ದಾಟುವಾಗ ಹಿಂದಕ್ಕೆ ಒರಗುವುದೇ ಸರಿಯೆಂದು ಯುರೋಪಿನ ಅಶ್ವದಳಗಳೆಲ್ಲ ನಂಬಿದ್ದ ಕಾಲದಲ್ಲಿ, ಇಟಲಿಯ ಸೇನಾಧಿಕಾರಿ ಫೆಡೆರಿಕೊ ಕ್ಯಾಪ್ರಿಲ್ಲಿ ಕುದುರೆಯ ಚಲನೆಯನ್ನು ಅನುಸರಿಸಿ ಮುಂದಕ್ಕೆ ಬಾಗಬೇಕೆಂದು ತೋರಿಸಿಕೊಟ್ಟರು. ಇಂದು ಜಗತ್ತೆಲ್ಲ ಜಂಪ್ ದಾಟುವುದು ಹಾಗೆಯೇ. ಆ ಬದಲಾವಣೆಯನ್ನು ತಂದವರೂ ಸೈನಿಕರೇ. ಪಾಠದ ನಡುವೆ ಎಲ್ಲರೆದುರು ಪ್ರಶ್ನಿಸದೆ, ಲಾಯದ ಬಳಿ ಬಿಡುವಾಗಿದ್ದಾಗ, ‘ಸರ್, ಕ್ಲಿನಿಕ್‌ನಲ್ಲಿ ಹೀಗೆ ಹೇಳಿದರು, ಒಂದು ವಾರ ಪ್ರಯತ್ನಿಸಲೇ, ನೀವು ನೋಡಿ ಹೇಳುವಿರಾ?’ ಎಂದು ಕೇಳು. ಹಾಗೆ ಕೇಳಿದ ಶಿಷ್ಯನಿಗೆ ಬೇಡವೆಂದ ಗುರುಗಳನ್ನು ನಾನು ಕಂಡದ್ದು ತೀರಾ ಕಡಿಮೆ.

ಪ್ರಶ್ನೆ: ಕ್ಲಿನಿಕ್‌ನಲ್ಲಿ ನನ್ನ 11 ವರ್ಷದ ಮಗ ಬಿದ್ದ. ತಲೆಗೂ ಪೆಟ್ಟು ತಾಗಿತ್ತು. ಬಿದ್ದ ಕೂಡಲೇ ಮತ್ತೆ ಹತ್ತಿಸದಿದ್ದರೆ ಹೆದರಿಕೆ ಉಳಿದುಬಿಡುತ್ತದೆ ಎಂದು ಕೆಲವರು ಹೇಳಿದರೂ ನಾನು ಒಪ್ಪಲಿಲ್ಲ. ಈಗ ಅವನಿಗೆ ನಿಜವಾಗಿಯೂ ಹೆದರಿಕೆಯಿದೆ. ತಪ್ಪು ಮಾಡಿದೆನೇ?
– ಒಬ್ಬ ತಂದೆ, ಹುಬ್ಬಳ್ಳಿ

ಉತ್ತರ: ನೀವು ಮಾಡಿದ್ದೇ ಸರಿ. ತಲೆಗೆ ಪೆಟ್ಟು ಬಿದ್ದಿರಬಹುದೆಂಬ ಸಂಶಯವಿದ್ದರೂ ಆ ದಿನ ಕುದುರೆ ಹತ್ತಿಸಬಾರದು. ಮಿದುಳಿಗಾದ ಆಘಾತದ ಲಕ್ಷಣಗಳು ಕೆಲವೊಮ್ಮೆ ಗಂಟೆಗಳ ನಂತರ ಕಾಣಿಸಿಕೊಳ್ಳುತ್ತವೆ. ವೈದ್ಯರು ಒಪ್ಪಿಗೆ ಕೊಟ್ಟ ಮೇಲೆಯೇ ಮರಳಿ ಸವಾರಿ. ಹೊರಗೆ ಬಿರುಕು ಕಾಣದಿದ್ದರೂ ಆ ಹೆಲ್ಮೆಟ್ ಬದಲಿಸಿ, ಏಕೆಂದರೆ ಪೆಟ್ಟನ್ನು ಹೀರಿಕೊಂಡ ಒಳಪದರ ಎರಡನೆಯ ಪೆಟ್ಟಿಗೆ ಮೊದಲಿನಂತೆ ನಿಲ್ಲುವುದಿಲ್ಲ. ಹೆದರಿಕೆಗೆ ಆತುರದ ಮದ್ದಿಲ್ಲ. ಮೊದಲ ವಾರ ಕುದುರೆಯ ಮೈ ಉಜ್ಜಿ, ಹಗ್ಗ ಹಿಡಿದು ನಡೆಸಲಿ. ಬಳಿಕ ಶಾಂತ ಸ್ವಭಾವದ ಹಳೆಯ ಕುದುರೆಯ ಮೇಲೆ ಕೂರಿಸಿ, ಶಿಕ್ಷಕರು ಉದ್ದ ಹಗ್ಗದಲ್ಲಿ ಅದನ್ನು ಸುತ್ತಿಸುತ್ತಿರುವಾಗ, ನಡಿಗೆಯಲ್ಲಿ ಹತ್ತು ನಿಮಿಷ ಸಾಕು. ಇಳಿಯುವುದು ಯಾವಾಗ ಎಂಬುದನ್ನು ಅವನೇ ಹೇಳಲಿ.